ಮೊದಲು ಅಳತೆ, ಆಮೇಲೆ ಕೊಸರು: ವಿದೇಶದ ವಿಮಾನ ಟಿಕೆಟ್‌ನಲ್ಲಿ ಹಣ ಉಳಿಸಿ ಪಾಯಿಂಟ್ ಗಳಿಸುವ ಸಮಗ್ರ ಮಾರ್ಗದರ್ಶಿ

ಮಗಳ ಬಾಣಂತನಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೊರಟ ದಂಪತಿ, ಜರ್ಮನಿಯಲ್ಲಿ ಓದಲು ಹೊರಟ ಹುಡುಗ, ರಜೆಯಲ್ಲಿ ಸಿಂಗಪುರ ನೋಡಿ ಬರೋಣ ಎಂದುಕೊಂಡ ನಾಲ್ವರ ಸಂಸಾರ, ಹೀಗೆ ಪರಿಚಿತರಲ್ಲಿ ಯಾರು ವಿದೇಶಕ್ಕೆ ಹೊರಟರೂ ಟಿಕೆಟ್‌ನ ವಿಷಯ ಒಮ್ಮೆ ನನ್ನ ಬಳಿ ಬರುತ್ತದೆ. ಕಷ್ಟವೇನೆಂದರೆ, ಬಹಳ ಸಲ ಅದು ಟಿಕೆಟ್ ಕೊಂಡಾದ ಮೇಲೆ ಬರುತ್ತದೆ. ಕಾರ್ಡಿನಲ್ಲಿ ಐದು ಪಟ್ಟು ಪಾಯಿಂಟ್ ಎಂದು ನಂಬಿ ಕೊಂಡೆವು, ಟಿಕೆಟ್ ದುಬಾರಿಯಾಯಿತು ಎನ್ನುತ್ತಾರೆ ಒಬ್ಬರು. ಹೋಗಿ ಬಂದು ಮೂರು ತಿಂಗಳಾಯಿತು, ಒಂದು ಪಾಯಿಂಟೂ ಬಂದಿಲ್ಲ ಎನ್ನುತ್ತಾರೆ ಇನ್ನೊಬ್ಬರು.

ಎಡವುವ ಜಾಗ ಎಲ್ಲರದೂ ಒಂದೇ. ಮೊದಲು ಕಾರ್ಡ್ ಆರಿಸುತ್ತಾರೆ, ಆ ಕಾರ್ಡ್ ತೋರಿಸಿದ ಜಾಲತಾಣಕ್ಕೆ ಹೋಗುತ್ತಾರೆ, ಅಲ್ಲಿ ಸಿಕ್ಕ ವಿಮಾನ ಹಿಡಿಯುತ್ತಾರೆ. ವಿಮಾನಯಾನದ ಪಾಯಿಂಟ್ ಕ್ಲಬ್ಬಿನ ಸದಸ್ಯತ್ವದ ನೆನಪಾಗುವುದು ಕೆಂಪೇಗೌಡ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗ. ಸೊಪ್ಪಿನ ಅಂಗಡಿಯಲ್ಲಿ ನಾವು ಯಾರೂ ಹೀಗೆ ಮಾಡುವುದಿಲ್ಲ. ಕಟ್ಟು ನೋಡುತ್ತೇವೆ, ದರ ಕೇಳುತ್ತೇವೆ, ಚೌಕಾಸಿ ಮಾಡುತ್ತೇವೆ, ದುಡ್ಡು ಎಣಿಸುವಾಗ ಕೊಸರಿಗೆ ಕೈ ಚಾಚುತ್ತೇವೆ. ಹಾರಿದ್ದಕ್ಕೆ, ಕಾರ್ಡ್ ಬಳಸಿದ್ದಕ್ಕೆ ಸಿಕ್ಕು, ಮುಂದೆ ಟಿಕೆಟ್‌ಗೆ ಬದಲಾಗುವ ಪಾಯಿಂಟ್ ಎಂಬುದು ಆ ಕೊಸರು. ಕೆಳಗಿನ ಹಂತಗಳ ಕ್ರಮವನ್ನು ಅದಲುಬದಲು ಮಾಡಬೇಡಿ.

## ಕುಳಿತುಕೊಳ್ಳುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಹೊರಡುವವರೆಲ್ಲರ ಪಾಸ್‌ಪೋರ್ಟ್, ವೀಸಾ ಇದ್ದರೆ ಅದರ ಪ್ರತಿ, ಒಂದು ನೋಟ್‌ಪುಸ್ತಕ. ಸಾಧ್ಯವಾದರೆ ಮೊಬೈಲ್ ಬದಲು ಕಂಪ್ಯೂಟರ್: ದರಗಳ ಕ್ಯಾಲೆಂಡರನ್ನೂ ಟಿಕೆಟ್ ನಿಯಮಗಳನ್ನೂ ಸಣ್ಣ ಪರದೆಯಲ್ಲಿ ಓದುವುದು ಹಿಂಸೆ. ಜೊತೆಗೆ ಒಂದು ಸಂಜೆಯ ಬಿಡುವು. ಊಟಕ್ಕೆ ಏಳುವ ಮುಂಚೆ ಮುಗಿಸಿಬಿಡೋಣ ಎಂದು ಹೊರಟವರು ಹಣ ಉಳಿಸಿದ್ದನ್ನು ನಾನು ಕಂಡಿಲ್ಲ.

## ಹಂತ 1: ಹೆಸರನ್ನು ಸರಿಪಡಿಸಿಕೊಳ್ಳಿ

ದರ ಹುಡುಕುವ ಮೊದಲೇ ಹೆಸರಿನ ವಿಚಾರವೇಕೆ ಎಂದು ಕೇಳಬಹುದು. ನಮ್ಮ ಕಡೆಯವರ ಪಾಯಿಂಟ್ ಬಹಳ ಸಲ ಕಳೆದುಹೋಗುವುದು ಇಲ್ಲೇ, ಅದಕ್ಕೆ. ಊರ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಕೂರುವುದು ನಮ್ಮ ರೂಢಿ. ವಿಮಾನಯಾನದ ಕಂಪ್ಯೂಟರಿಗೆ ಇನಿಷಿಯಲ್ ಎಂದರೆ ಗೊತ್ತಿಲ್ಲ. ಅದು ಕೇಳುವುದು ಎರಡೇ ಖಾನೆ, ಕುಲನಾಮ (ಸರ್‌ನೇಮ್) ಮತ್ತು ಕೊಟ್ಟ ಹೆಸರು (ಗಿವನ್ ನೇಮ್). ಪಾಸ್‌ಪೋರ್ಟ್‌ನಲ್ಲಿ ಯಾವ ಖಾನೆಯಲ್ಲಿ ಏನಿದೆಯೋ ಅದನ್ನೇ ಟಿಕೆಟ್‌ನಲ್ಲೂ ಸದಸ್ಯತ್ವದ ಖಾತೆಯಲ್ಲೂ ಅಕ್ಷರಶಃ ಬರೆಯಬೇಕು. ಖಾತೆಯಲ್ಲಿ ಇನಿಷಿಯಲ್, ಟಿಕೆಟ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಕಂಪ್ಯೂಟರ್ ಅವರನ್ನು ಇಬ್ಬರು ಬೇರೆ ವ್ಯಕ್ತಿಗಳೆಂದು ತಿಳಿದು ಪಾಯಿಂಟ್ ತಡೆಹಿಡಿಯುತ್ತದೆ.

ಕುಲನಾಮದ ಖಾನೆ ಖಾಲಿ ಇರುವ ಪಾಸ್‌ಪೋರ್ಟ್ ಇನ್ನೂ ತೊಡಕಿನದು. ಹೀಗಿದ್ದವರ ಅಮೆರಿಕ ವೀಸಾದಲ್ಲಿ ಇಡೀ ಹೆಸರು ಕುಲನಾಮವಾಗಿ, ಕೊಟ್ಟ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಇಂಥವರ ಟಿಕೆಟ್‌ನಲ್ಲಿ ಖಾನೆ ತುಂಬುವ ರೀತಿ ಒಂದೊಂದು ವಿಮಾನಯಾನಕ್ಕೆ ಒಂದೊಂದು ಬಗೆ, ಆದ್ದರಿಂದ ಕೊಳ್ಳುವ ಮೊದಲು ಸಹಾಯವಾಣಿಯಲ್ಲಿ ಕೇಳಿಕೊಳ್ಳಿ. ಯುಎಇ 2022ರ ನವೆಂಬರ್‌ನಿಂದ ಒಂಟಿ ಹೆಸರಿನ ಪಾಸ್‌ಪೋರ್ಟ್‌ನ ಮೇಲೆ ಪ್ರವಾಸಿ ವೀಸಾಕ್ಕೆ ನಿರ್ಬಂಧ ಹಾಕಿರುವುದರಿಂದ ದುಬೈ, ಅಬುಧಾಬಿಗೆ ಹೊರಟವರು ಇನ್ನೂ ಎಚ್ಚರವಾಗಿರಬೇಕು. ಪಾಸ್‌ಪೋರ್ಟ್ ತಿದ್ದುಪಡಿಗೆ ಸಮಯವಿದ್ದರೆ ತಿದ್ದಿಸಿಕೊಳ್ಳುವುದು ಎಲ್ಲಕ್ಕಿಂತ ಲೇಸು.

## ಹಂತ 2: ದರ ಹುಡುಕಿ, ಇನ್ನೂ ಕೊಳ್ಳಬೇಡಿ

ಗೂಗಲ್ ಫ್ಲೈಟ್ಸ್ ತೆರೆದು ಹೋಗಿ ಬರುವ ಟಿಕೆಟ್, ಒಬ್ಬ ಪ್ರಯಾಣಿಕ ಎಂದು ಹಾಕಿ. ನಾಲ್ವರು ಹೊರಟಿದ್ದರೂ ಮೊದಲು ಒಬ್ಬರೇ. ಕಾರಣ ಇಷ್ಟು: ಒಂದೇ ವಿಮಾನದ ಇಕಾನಮಿ ಸೀಟುಗಳನ್ನು ಹಲವು ದರದ ಬುಟ್ಟಿಗಳಲ್ಲಿ ಹಾಕಿ ಮಾರುತ್ತಾರೆ, ಪ್ರತಿ ಬುಟ್ಟಿಗೂ ಒಂದು ಅಕ್ಷರದ ಗುರುತು. ಅತಿ ಅಗ್ಗದ ಬುಟ್ಟಿಯಲ್ಲಿ ಎರಡೇ ಸೀಟು ಉಳಿದಿರುವಾಗ ನೀವು ನಾಲ್ಕು ಕೇಳಿದರೆ, ಎರಡು ಅಗ್ಗಕ್ಕೆ ಎರಡು ದುಬಾರಿಗೆ ಕೊಡುವುದಿಲ್ಲ; ನಾಲ್ಕನ್ನೂ ಮೇಲಿನ ಬುಟ್ಟಿಯ ದರಕ್ಕೇ ಕೊಡುತ್ತಾರೆ. ಒಬ್ಬರ ದರ, ಇಬ್ಬರ ದರ, ನಾಲ್ವರ ದರ ಮೂರನ್ನೂ ನೋಡಿ ಬರೆದುಕೊಳ್ಳಿ. ತಲಾ ದರದಲ್ಲಿ ವ್ಯತ್ಯಾಸ ದೊಡ್ಡದಿದ್ದರೆ ಎರಡೆರಡಾಗಿ ಕೊಳ್ಳಿ. ಮಗುವನ್ನು ಮಾತ್ರ ಬೇರೆ ಪಿಎನ್‌ಆರ್‌ಗೆ ಹಾಕಬೇಡಿ, ವಯಸ್ಸಾದ ದಂಪತಿಯನ್ನು ಬೇರ್ಪಡಿಸಬೇಡಿ. ವಿಮಾನ ರದ್ದಾದ ದಿನ ಬೇರೆ ಬೇರೆ ಪಿಎನ್‌ಆರ್‌ನವರು ಬೇರೆ ಬೇರೆ ವಿಮಾನ ಹತ್ತಬೇಕಾಗಿ ಬರಬಹುದು.

ಬ್ರೌಸರಿನ ಗುಪ್ತ ಕಿಟಕಿಯಲ್ಲಿ ಹುಡುಕಿದರೆ ದರ ಇಳಿಯುತ್ತದೆ ಎಂಬ ಮಾತಿಗೆ ಸಮಯ ಕಳೆಯಬೇಡಿ. ಎರಡನೇ ಸಲ ನೋಡಿದಾಗ ದರ ಏರಿದ್ದರೆ ಬುಟ್ಟಿ ಖಾಲಿಯಾಗಿರುತ್ತದೆ, ಅಷ್ಟೇ. ಮಂಗಳವಾರ ಮಧ್ಯರಾತ್ರಿ ಕೊಂಡರೆ ಅಗ್ಗ ಎಂಬುದೂ ಅದೇ ಜಾತಿಯ ನಂಬಿಕೆ. ಕೊಳ್ಳುವ ವಾರಕ್ಕಿಂತ ಹಾರುವ ವಾರ ಮುಖ್ಯ.

ಆ ವಾರವನ್ನು ಆರಿಸುವುದು ಹೇಗೆ? ಕ್ಯಾಲೆಂಡರ್ ನೋಟದಲ್ಲಿ ಎರಡು ತಿಂಗಳ ದರಗಳನ್ನು ಒಟ್ಟಿಗೆ ನೋಡಿ. ಭಾರತದಿಂದ ಅಮೆರಿಕಕ್ಕೆ ಮೇ, ಜೂನ್ ತಿಂಗಳು ಅಪ್ಪ ಅಮ್ಮಂದಿರ ಸಾಲು, ಆಗಸ್ಟ್ ವಿದ್ಯಾರ್ಥಿಗಳ ಸಾಲು, ಡಿಸೆಂಬರ್ ಮಧ್ಯದಿಂದ ಎಲ್ಲರ ಸಾಲು. ಹೆರಿಗೆಯ ದಿನವನ್ನು ಮುಂದೂಡಲಾಗದು, ಹೊರಡುವ ದಿನವನ್ನು ಹತ್ತು ದಿನ ಹಿಂದಕ್ಕೆ ತರಬಹುದು. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಓಡಾಡುವವರಿಗೆ ಲೆಕ್ಕವೇ ಬೇರೆ. ಅಲ್ಲಿನ ಶಾಲೆಗಳಿಗೆ ಜುಲೈ, ಆಗಸ್ಟ್‌ನಲ್ಲಿ ರಜೆ, ಹಾಗಾಗಿ ಊರಿಗೆ ಬರುವ ದರ ಜೂನ್ ಕೊನೆಯಲ್ಲಿ, ಮರಳುವ ದರ ಆಗಸ್ಟ್ ಕೊನೆಯಲ್ಲಿ ನೆತ್ತಿಗೇರುತ್ತದೆ.

ಊರನ್ನೂ ಬದಲಾಯಿಸಿ ನೋಡಿ. ಹುಡುಕುವ ಖಾನೆಯಲ್ಲಿ ಒಂದಕ್ಕಿಂತ ಹೆಚ್ಚು ನಿಲ್ದಾಣ ಹಾಕಬಹುದು: ಹೊರಡಲು ಬೆಂಗಳೂರು, ಚೆನ್ನೈ, ಹೈದರಾಬಾದ್, ಕೊಚ್ಚಿ, ಇಳಿಯಲು ಸ್ಯಾನ್ ಫ್ರಾನ್ಸಿಸ್ಕೊ ಜೊತೆಗೆ ಸ್ಯಾನ್ ಹೋಸೆ, ಓಕ್ಲೆಂಡ್. ಬೆಂಗಳೂರಿನಿಂದ ಚೆನ್ನೈಗೆ ವಂದೇ ಭಾರತ್ ರೈಲಿನಲ್ಲಿ ಸುಮಾರು ನಾಲ್ಕೂವರೆ ತಾಸು. ಇಬ್ಬರು ಯುವಕರಿಗೆ ತಲಾ ಹದಿನೈದು ಸಾವಿರ ಉಳಿದರೆ ಆ ರೈಲು ಹತ್ತಬಹುದು. ನಾಲ್ಕು ದೊಡ್ಡ ಸೂಟ್‌ಕೇಸ್, ಅದರಲ್ಲಿ ಒಂದರ ತುಂಬ ಚಟ್ನಿಪುಡಿ, ಜೊತೆಗೆ ಮಂಡಿನೋವು ಇರುವವರಿಗೆ ಆ ಸಲಹೆ ಕೊಡುವುದಿಲ್ಲ.

ಬಾಣಂತನಕ್ಕೆ ಹೊರಟವರು ಮುಗ್ಗರಿಸುವ ಒಂದು ಗುಂಡಿ ಇದೆ. ಅಗ್ಗದ ಹಲವು ದರಗಳಿಗೆ ಗರಿಷ್ಠ ವಾಸದ ಮಿತಿ ಇರುತ್ತದೆ. ಮೂರು ತಿಂಗಳೊಳಗೆ ಮರಳಬೇಕು, ಹೀಗೆ. ಐದೂವರೆ ತಿಂಗಳ ಅಂತರ ಹಾಕಿ ಹುಡುಕಿದಾಗ ದರ ದಿಢೀರನೆ ಏರಿದರೆ ಕಾರಣ ಇದೇ ಇರಬಹುದು. ಆಗ ಬೇರೆ ವಿಮಾನಯಾನವನ್ನು ನೋಡಿ, ಎಲ್ಲರ ಮಿತಿಯೂ ಒಂದೇ ಅಲ್ಲ. ಎರಡು ಒಂಟಿ ದಾರಿಯ ಟಿಕೆಟ್ ಕೊಳ್ಳೋಣ ಎಂದರೆ, ದೊಡ್ಡ ವಿಮಾನಯಾನಗಳಲ್ಲಿ ಒಂಟಿ ದಾರಿಯ ದರ ಹೋಗಿಬರುವ ದರದ ಅರ್ಧಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಕಡಿಮೆ ದರದ ವಿಮಾನಯಾನಗಳಲ್ಲಿ ಮಾತ್ರ ಆ ಉಪಾಯ ನಡೆಯುತ್ತದೆ.

ಒಪ್ಪಿಗೆಯಾದ ಮೂರು ಆಯ್ಕೆಗಳಿಗೆ ದರದ ಮೇಲ್ವಿಚಾರಣೆ ಹಾಕಿ, ಇಮೇಲ್ ಬರುವಂತೆ ಮಾಡಿಕೊಳ್ಳಿ. ಅಮೆರಿಕ, ಯುರೋಪ್ ಪ್ರಯಾಣಕ್ಕೆ ನಾನು ನಾಲ್ಕೈದು ತಿಂಗಳು ಮೊದಲೇ ನೋಡಲು ಶುರು ಮಾಡುತ್ತೇನೆ, ರಜೆಯ ಕಾಲವಾದರೆ ಇನ್ನೂ ಬೇಗ.

## ಹಂತ 3: ನಿಜವಾದ ಒಟ್ಟು ಮೊತ್ತ ಬರೆಯಿರಿ

ಪರದೆಯ ಮೇಲಿನ ದರ ಅರ್ಧ ಸತ್ಯ. ನೋಟ್‌ಪುಸ್ತಕದಲ್ಲಿ ಪ್ರತಿ ಆಯ್ಕೆಯ ಕೆಳಗೆ ಟಿಕೆಟ್ ದರ, ಲಗೇಜು, ಸೀಟು, ನಿಲ್ದಾಣಕ್ಕೆ ಹೋಗುವ ಖರ್ಚು, ನಡುದಾರಿಯ ವೀಸಾ, ಕಾರ್ಡಿನ ಶುಲ್ಕ ಎಂದು ಬರೆದು ಕೂಡಿಸಿ.

ಲಗೇಜಿನಲ್ಲಿ ಮೋಸ ಹೋಗುವವರು ಹೆಚ್ಚು. ಅಮೆರಿಕದ ಟಿಕೆಟ್ ಎಂದರೆ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆ ಎಂದು ಕಣ್ಣುಮುಚ್ಚಿ ನಂಬುವ ಕಾಲ ಮುಗಿದಿದೆ. ಈಗ ಕೆಲವು ಅಗ್ಗದ ದರಗಳಲ್ಲಿ ಒಂದೇ ಪೆಟ್ಟಿಗೆ, ಕೆಲವದರಲ್ಲಿ ಅದೂ ಇಲ್ಲ. ವಿದ್ಯಾರ್ಥಿಗಳು ಮಾತ್ರ ವಿಮಾನಯಾನದ ಸ್ವಂತ ಜಾಲತಾಣದಲ್ಲಿ ವಿದ್ಯಾರ್ಥಿ ದರವಿದೆಯೇ ಎಂದು ಮರೆಯದೆ ನೋಡಬೇಕು. ಏರ್ ಇಂಡಿಯಾ ಸೇರಿದಂತೆ ಹಲವರು ಆ ದರದ ಜೊತೆಗೆ ಹೆಚ್ಚುವರಿ ಲಗೇಜು ಕೊಡುತ್ತಾರೆ.

ಕಾರ್ಡಿನ ಶುಲ್ಕದ ಲೆಕ್ಕ ಹೀಗೆ. ಬಹುತೇಕ ಭಾರತೀಯ ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಕರೆನ್ಸಿಯ ವ್ಯವಹಾರಕ್ಕೆ ಶೇ 3.5 ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ. ಕೂಡಿದರೆ ಶೇ 4.13. ಡಾಲರ್ ದರದಲ್ಲಿ ಒಂದು ಲಕ್ಷ ರೂಪಾಯಿಯಷ್ಟು ಟಿಕೆಟ್ ಕೊಂಡರೆ 4,130 ರೂಪಾಯಿ ಗಾಳಿಗೆ ಹೋದ ಹಾಗೆ. ವಿಮಾನಯಾನದ ಜಾಲತಾಣದಲ್ಲಿ ದೇಶವನ್ನು ಭಾರತ ಎಂದು ಆರಿಸಿ, ರೂಪಾಯಿ ದರ ಬರುತ್ತದೆಯೇ ನೋಡಿ. ಡಾಲರ್ ದರ ತೋರಿಸಿ, ಹಣ ಕಟ್ಟುವ ಕೊನೆಯ ಪುಟದಲ್ಲಿ ಮಾತ್ರ ‘ರೂಪಾಯಿಯಲ್ಲೇ ಕಟ್ಟುವಿರಾ’ ಎಂದು ಕೇಳಿದರೆ ಒಪ್ಪಬೇಡಿ, ಅಲ್ಲಿನ ವಿನಿಮಯ ದರ ಸಾಮಾನ್ಯವಾಗಿ ಕೆಟ್ಟದಾಗಿರುತ್ತದೆ.

ನಡುದಾರಿಯ ವೀಸಾ ಲಕ್ಷಗಟ್ಟಲೆಯ ಪ್ರಶ್ನೆ. ಭಾರತದ ಪಾಸ್‌ಪೋರ್ಟ್‌ನವರು ಬ್ರಿಟನ್ ಅಥವಾ ಕೆನಡಾದಲ್ಲಿ ವಿಮಾನ ಬದಲಿಸುವುದಾದರೆ, ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ, ನಡುದಾರಿಯ ವೀಸಾ ಬೇಕಾಗುತ್ತದೆ. ಮಾನ್ಯ ಅಮೆರಿಕ ವೀಸಾ ಇದ್ದವರಿಗೆ ಬ್ರಿಟನ್ನಿನಲ್ಲಿ ವಿನಾಯಿತಿಗಳಿವೆ, ಆದರೆ ಷರತ್ತು ಓದಿಕೊಳ್ಳಿ. ಅಮೆರಿಕದ ಮೂಲಕ ಬೇರೆ ದೇಶಕ್ಕೆ ಹೋಗುವುದಾದರೆ ಅಮೆರಿಕ ವೀಸಾ ಇಲ್ಲದೆ ಆಗದು. ಯುರೋಪಿನಲ್ಲಿ ಎರಡು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ನಿಲ್ದಾಣಗಳು ದಾರಿಯಲ್ಲಿ ಬಂದರೆ ನೀವು ಷೆಂಗೆನ್ ಪ್ರದೇಶವನ್ನು ಪ್ರವೇಶಿಸಿದಂತೆಯೇ. ಬೆಂಗಳೂರು, ಮ್ಯೂನಿಕ್, ಫ್ರಾಂಕ್‌ಫರ್ಟ್, ಆಮೇಲೆ ಅಮೆರಿಕ ಎಂಬ ಅಗ್ಗದ ಟಿಕೆಟ್ ನೋಡಿ ಹಿಗ್ಗಬೇಡಿ, ಮ್ಯೂನಿಕ್‌ನಲ್ಲೇ ಷೆಂಗೆನ್ ವೀಸಾ ಕೇಳುತ್ತಾರೆ.

ಇಲ್ಲಿ ಕಾಣಿಸುವ ಅಪಾಯದ ಸೂಚನೆಗಳು ಮೂರು. ‘ಸ್ವತಃ ವಿಮಾನ ಬದಲಿಸಿಕೊಳ್ಳಿ’ ಎಂಬ ಅರ್ಥದ ಒಕ್ಕಣೆ ಇದ್ದರೆ ಅದು ಎರಡು ಬೇರೆ ಬೇರೆ ಟಿಕೆಟ್. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ನಡುದಾರಿಯಲ್ಲಿ ನಿಲ್ದಾಣವೇ ಬದಲಾಗುವುದು, ಉದಾಹರಣೆಗೆ ಲಂಡನ್ನಿನ ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಲ್ಲಿ ಹತ್ತುವುದು, ಎರಡನೆಯದು. ಮೂರನೆಯದು ಅಮೆರಿಕದ ಮೊದಲ ನಿಲ್ದಾಣದಲ್ಲಿ ಎರಡು ತಾಸಿಗಿಂತ ಕಡಿಮೆ ಅಂತರ. ಸಾಮಾನ್ಯವಾಗಿ ಅಲ್ಲಿ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆಗಳನ್ನು ಎತ್ತಿಕೊಂಡು, ಮತ್ತೆ ಒಪ್ಪಿಸಬೇಕು. ಗಾಲಿಕುರ್ಚಿ ಕೋರಿದ ಹಿರಿಯರಿಗೆ ಮೂರು ತಾಸೂ ಹೆಚ್ಚಲ್ಲ.

## ಹಂತ 4: ಯಾವ ಕ್ಲಬ್ಬಿಗೆ ಪಾಯಿಂಟ್ ಎಂದು ನಿರ್ಧರಿಸಿ

ವಿಮಾನ ಗೊತ್ತಾಯಿತು, ಒಟ್ಟು ಖರ್ಚು ಗೊತ್ತಾಯಿತು. ಕೊಸರಿನ ಮಾತು ಈಗ.

ಯಾವ ವಿಮಾನ ಹತ್ತುತ್ತೀರೋ ಅದೇ ವಿಮಾನಯಾನದ ಕ್ಲಬ್ಬಿಗೆ ಪಾಯಿಂಟ್ ಹಾಕಬೇಕೆಂಬ ನಿಯಮವಿಲ್ಲ. ಏರ್ ಇಂಡಿಯಾ, ಸಿಂಗಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ, ಥಾಯ್ ಇವೆಲ್ಲ ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟದವು. ಬ್ರಿಟಿಷ್ ಏರ್‌ವೇಸ್, ಕತಾರ್, ಕ್ಯಾಥೆ ಪೆಸಿಫಿಕ್, ಜಪಾನ್ ಏರ್‌ಲೈನ್ಸ್ ಒನ್‌ವರ್ಲ್ಡ್‌ನವು. ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ, ವರ್ಜಿನ್ ಅಟ್ಲಾಂಟಿಕ್ ಸ್ಕೈಟೀಮ್‌ನವು. ಎಮಿರೇಟ್ಸ್, ಎತಿಹಾದ್ ಯಾವ ಒಕ್ಕೂಟದಲ್ಲೂ ಇಲ್ಲ. ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್‌ಗೆ, ಅಲ್ಲಿಂದ ಯುನೈಟೆಡ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರೂ ಎರಡರ ಪಾಯಿಂಟನ್ನೂ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೋ ಸಿಂಗಪುರದ ಕ್ರಿಸ್‌ಫ್ಲೈಯರಿಗೋ ಹಾಕಿಸಬಹುದು. ಒಂದು ಹಾರಾಟಕ್ಕೆ ಒಂದೇ ಕ್ಲಬ್.

ಆಯ್ಕೆಗೆ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಪಾಯಿಂಟ್ ಯಾವಾಗ ಸಾಯುತ್ತದೆ ಎಂಬುದು. ಕ್ರಿಸ್‌ಫ್ಲೈಯರ್ ಮೈಲ್‌ಗಳಿಗೆ (ಪಾಯಿಂಟನ್ನೇ ಹಲವು ಕ್ಲಬ್‌ಗಳು ಮೈಲ್ ಎನ್ನುತ್ತವೆ) 36 ತಿಂಗಳ ಆಯುಸ್ಸು, ನೀವು ಮತ್ತೆ ಹಾರಿದರೂ ಹಳೆಯವು ಉಳಿಯುವುದಿಲ್ಲ. ಬ್ರಿಟಿಷ್ ಏರ್‌ವೇಸ್, ಕತಾರ್ ಬಳಸುವ ಏವಿಯೊಸ್ ಎಂಬ ಪಾಯಿಂಟ್‌ಗಳು 36 ತಿಂಗಳು ಖಾತೆಯಲ್ಲಿ ಏನೂ ನಡೆಯದಿದ್ದರೆ ಮಾತ್ರ ಸಾಯುತ್ತವೆ, ಒಂದು ಸಣ್ಣ ಜಮೆಯೂ ಉಸಿರು ತುಂಬುತ್ತದೆ. ಯುನೈಟೆಡ್‌ನ ಮೈಲ್‌ಗಳಿಗೆ ಅವಧಿಯ ಮಿತಿಯೇ ಇಲ್ಲ. ಎರಡು ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವವರಿಗೆ ಈ ವ್ಯತ್ಯಾಸವೇ ಎಲ್ಲ.

ಎರಡನೆಯದು, ನಿಮ್ಮ ಟಿಕೆಟ್‌ನ ಅಕ್ಷರಕ್ಕೆ ಎಷ್ಟು ಸಿಗುತ್ತದೆ. ಬುಟ್ಟಿಯ ಅಕ್ಷರ ಎಂದೆನಲ್ಲ, ಅದು ಇಲ್ಲಿ ಮತ್ತೆ ಬರುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 2,000 ಮೈಲಿ ದೂರ. ಸಿಂಗಪುರ್ ಏರ್‌ಲೈನ್ಸ್‌ನ ಅತಿ ಅಗ್ಗದ ಇಕಾನಮಿ ದರದಲ್ಲಿ ಅದರ ಅರ್ಧದಷ್ಟು ಮೈಲ್ ಜಮೆಯಾಗುತ್ತದೆ, ದುಬಾರಿ ಇಕಾನಮಿಯಲ್ಲಿ ಪೂರ್ತಿ. ಬೇರೆ ವಿಮಾನಯಾನದ ಅಗ್ಗದ ಅಕ್ಷರಗಳಿಗೆ ಕೆಲವು ಕ್ಲಬ್‌ಗಳಲ್ಲಿ ಕಾಲು ಭಾಗ, ಕೆಲವದರಲ್ಲಿ ಸೊನ್ನೆ. ‘ವೇರ್ ಟು ಕ್ರೆಡಿಟ್’ ಎಂಬ ಜಾಲತಾಣದಲ್ಲಿ ವಿಮಾನಯಾನವನ್ನೂ ಅಕ್ಷರವನ್ನೂ ಹಾಕಿದರೆ ಯಾವ ಕ್ಲಬ್ಬಿನಲ್ಲಿ ಎಷ್ಟು ಎಂಬುದು ಕಾಣುತ್ತದೆ. ಕ್ಲಬ್ಬಿನ ಸ್ವಂತ ಪಟ್ಟಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಅರ್ಧವಿರುವುದನ್ನು ಪೂರ್ತಿ ಮಾಡಿಕೊಳ್ಳಲು ಐದು ಸಾವಿರ ಹೆಚ್ಚು ಕೊಟ್ಟು ದುಬಾರಿ ಇಕಾನಮಿ ಕೊಳ್ಳುವವರಿದ್ದಾರೆ. ಸಾವಿರ ಮೈಲ್‌ಗಾಗಿ ಐದು ಸಾವಿರ ರೂಪಾಯಿ! ಸೊಪ್ಪಿನ ಅಂಗಡಿಯಲ್ಲಿ ಇದನ್ನು ಮಾಡಿದರೆ ಮನೆಯವರು ಸುಮ್ಮನಿರುವರೇ?

ಕ್ಲಬ್ ನಿಶ್ಚಯವಾದ ಮೇಲೆ ಹೊರಡುವ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಬೇರೆ ಬೇರೆ ಖಾತೆ ತೆರೆಯಿರಿ. ಅಪ್ಪನ ಸಂಖ್ಯೆ ಹಾಕಿದರೆ ಅಮ್ಮನ ಪಾಯಿಂಟ್ ಅಪ್ಪನಿಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಎಮಿರೇಟ್ಸ್, ಕತಾರ್, ಬ್ರಿಟಿಷ್ ಏರ್‌ವೇಸ್, ಏರ್ ಫ್ರಾನ್ಸ್ ಹಾಗೂ ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ ಮೊದಲಾದವು ಮನೆಮಂದಿಯ ಪಾಯಿಂಟನ್ನು ಒಂದೇ ಗಂಟಿಗೆ ಸೇರಿಸಲು ಅವಕಾಶ ಕೊಡುತ್ತವೆ. ನಾಲ್ವರ ಸಂಸಾರಕ್ಕೆ ಇದು ದೊಡ್ಡ ಅನುಕೂಲ.

## ಹಂತ 5: ಕೊಳ್ಳಿ, ಕೂಡಲೇ ತಪಾಸಿಸಿ

ನನ್ನ ಮಾತು ಕೇಳುವುದಾದರೆ ವಿಮಾನಯಾನದಿಂದಲೇ ನೇರವಾಗಿ ಕೊಳ್ಳಿ. ಒಮ್ಮೆ ನಾನು ಸಂಬಂಧಿಕರಿಬ್ಬರಿಗೆ ಒಂದು ಮಧ್ಯವರ್ತಿ ಜಾಲತಾಣದಲ್ಲಿ ಟಿಕೆಟ್ ಕೊಂಡುಕೊಟ್ಟೆ, ತಲಾ ಎರಡೂವರೆ ಸಾವಿರ ಉಳಿದಿತ್ತು. ತಿಂಗಳ ನಂತರ ಮೊದಲ ವಿಮಾನದ ವೇಳೆ ಬದಲಾಗಿ ಎರಡನೆಯದು ತಪ್ಪುವಂತಾಯಿತು. ವಿಮಾನಯಾನದವರು ಮಧ್ಯವರ್ತಿಯನ್ನು ಕೇಳಿ ಎಂದರು. ಮಧ್ಯವರ್ತಿ ವಿಮಾನಯಾನವನ್ನು ಕೇಳಿ ಎಂದ. ಒಂಬತ್ತು ದಿನ ಫೋನ್ ಹಿಡಿದು ಕುಳಿತದ್ದಕ್ಕೆ ಕೂಲಿ ಲೆಕ್ಕ ಹಾಕಿದರೆ ಐದು ಸಾವಿರ ಏನೇನೂ ಅಲ್ಲ. ಅಂದಿನಿಂದ, ತಲಾ ನಾಲ್ಕು ಸಾವಿರಕ್ಕಿಂತ ಕಡಿಮೆ ಉಳಿತಾಯಕ್ಕೆ ಮಧ್ಯವರ್ತಿಯ ಬಾಗಿಲಿಗೆ ಹೋಗುವುದಿಲ್ಲ.

ಕೊಳ್ಳುವಾಗ ಪ್ರತಿಯೊಬ್ಬರ ಹೆಸರಿನ ಮುಂದೆ ಅವರವರ ಸದಸ್ಯ ಸಂಖ್ಯೆ ಹಾಕಿ. ರದ್ದತಿ ಮತ್ತು ದಿನಾಂಕ ಬದಲಾವಣೆಯ ನಿಯಮವಿರುವ ಪುಟವನ್ನು ಚಿತ್ರವಾಗಿ ಉಳಿಸಿಕೊಳ್ಳಿ.

ಹಣ ಕಟ್ಟಿದ ಮೇಲೆ ಬಂದ ಇಮೇಲ್‌ನಲ್ಲಿ ಆರಕ್ಷರದ ಪಿಎನ್‌ಆರ್ ಕಂಡೊಡನೆ ನಿಟ್ಟುಸಿರು ಬಿಡಬೇಡಿ. ಪಿಎನ್‌ಆರ್ ಎಂದರೆ ಜಾಗ ಕಾದಿರಿಸಿದ ಗುರುತು ಮಾತ್ರ. ಟಿಕೆಟ್ ಎಂದರೆ 13 ಅಂಕಿಯ ಸಂಖ್ಯೆ. ಅದರ ಮೊದಲ ಮೂರು ಅಂಕಿ ವಿಮಾನಯಾನದ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಕತಾರ್ 157, ಸಿಂಗಪುರ್ 618, ಲುಫ್ತಾನ್ಸಾ 220, ಬ್ರಿಟಿಷ್ ಏರ್‌ವೇಸ್ 125. ಪಿಎನ್‌ಆರ್ ಇದ್ದು ಈ ಸಂಖ್ಯೆ ಒಂದು ದಿನವಾದರೂ ಬಾರದಿದ್ದರೆ ಅದು ಕೆಂಪು ದೀಪ. ಹಣ ಹೋಗಿದೆ, ಟಿಕೆಟ್ ಇನ್ನೂ ಹುಟ್ಟಿಲ್ಲ.

ಇಮೇಲ್ ಬಂದ ಗಂಟೆಯೊಳಗೆ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಹೆಸರು, ದಿನಾಂಕ, ಲಗೇಜು ಮೂರನ್ನೂ ಹೋಲಿಸಿ. ಅಮೆರಿಕಕ್ಕೆ ಅಥವಾ ಅಮೆರಿಕದಿಂದ ಹಾರುವ ಟಿಕೆಟನ್ನು ವಿಮಾನಯಾನದಿಂದ ನೇರವಾಗಿ, ಹೊರಡುವ ಏಳು ದಿನಕ್ಕಿಂತ ಮೊದಲು ಕೊಂಡಿದ್ದರೆ, ಅಲ್ಲಿನ ಸಾರಿಗೆ ಇಲಾಖೆಯ ನಿಯಮದಂತೆ 24 ತಾಸಿನೊಳಗೆ ದಂಡವಿಲ್ಲದೆ ರದ್ದು ಮಾಡಬಹುದು, ಇಲ್ಲವೇ ಹಣ ಕಟ್ಟದೆ ಅಷ್ಟು ಹೊತ್ತು ದರ ಹಿಡಿದಿಡಬಹುದು; ಎರಡರಲ್ಲಿ ಒಂದನ್ನು ವಿಮಾನಯಾನ ಕೊಡಲೇಬೇಕು. ಮಾರನೆಯ ದಿನ ದರ ಇಳಿದಿದ್ದರೂ ಇದೇ ಕಿಟಕಿಯಿಂದ ಹೊರಬಂದು ಮತ್ತೆ ಕೊಳ್ಳಬಹುದು.

ಒಂದು ಎಚ್ಚರಿಕೆ. ಒಂದೇ ಟಿಕೆಟ್‌ನ ಮೊದಲ ಹಾರಾಟವನ್ನು ಹೇಳದೆ ಬಿಟ್ಟರೆ ಮುಂದಿನದೆಲ್ಲವೂ, ಮರಳುವ ಪ್ರಯಾಣವೂ ಸೇರಿ, ತಾನಾಗಿ ರದ್ದಾಗುತ್ತದೆ. ಬೆಂಗಳೂರು, ಮುಂಬೈ, ಲಂಡನ್ ಎಂಬ ಟಿಕೆಟ್ ಇಟ್ಟುಕೊಂಡು, ಮುಂಬೈಗೆ ಮದುವೆಗೆ ಮೊದಲೇ ಹೋಗಿದ್ದೇವೆ, ಅಲ್ಲಿಂದಲೇ ಹತ್ತುತ್ತೇವೆ ಎಂದರೆ ಕೌಂಟರಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ.

## ಹಂತ 6: ಕಾರ್ಡ್ ಈಗ ತೆಗೆಯಿರಿ

ವಾಸ್ತವವಾಗಿ ಇದು ಐದನೆಯ ಹಂತದ ಹಣ ಕಟ್ಟುವ ಕ್ಷಣದಲ್ಲೇ ಬರುತ್ತದೆ, ಆದರೆ ಅದಕ್ಕಿಂತ ಮೊದಲು ಬರಬಾರದು ಎಂದು ಬೇರೆ ಬರೆಯುತ್ತಿದ್ದೇನೆ.

ಕಾರ್ಡಿನ ಸಾಲವನ್ನು ಪ್ರತಿ ತಿಂಗಳೂ ಪೂರ್ತಿ ತೀರಿಸದವರು ಈ ಹಂತವನ್ನು ಬಿಟ್ಟುಬಿಡಿ. ತಿಂಗಳಿಗೆ ಶೇ 3.5ರಿಂದ 3.75ರ ಬಡ್ಡಿ ಎಂದರೆ ವರ್ಷಕ್ಕೆ ಶೇ 40ಕ್ಕೂ ಮೇಲೆ. ಯಾವ ಪಾಯಿಂಟೂ ಆ ಹೊಟ್ಟೆಯನ್ನು ತುಂಬಿಸಲಾರದು.

ಉಳಿದವರು ಹುಡುಕಬೇಕಾದದ್ದು ಪಾಯಿಂಟನ್ನು ಹಲವು ವಿಮಾನಯಾನ ಕ್ಲಬ್‌ಗಳಿಗೆ ವರ್ಗಾಯಿಸಲು ಬಿಡುವ ಕಾರ್ಡ್. ಎಚ್‌ಡಿಎಫ್‌ಸಿ, ಆಕ್ಸಿಸ್, ಅಮೆರಿಕನ್ ಎಕ್ಸ್‌ಪ್ರೆಸ್, ಎಚ್‌ಎಸ್‌ಬಿಸಿಯ ಕೆಲವು ಕಾರ್ಡ್‌ಗಳಲ್ಲಿ ಈ ಸೌಲಭ್ಯವಿದೆ. ಒಂದು ಪಾಯಿಂಟಿಗೆ ಎಷ್ಟು ಮೈಲ್, ವರ್ಷಕ್ಕೆ ಎಷ್ಟರವರೆಗೆ ವರ್ಗಾಯಿಸಬಹುದು ಎಂಬ ಎರಡು ಸಾಲನ್ನು ಷರತ್ತುಗಳಲ್ಲಿ ಹುಡುಕಿ ಓದಿ. ಬ್ಯಾಂಕ್‌ಗಳು ಇವನ್ನು ಆಗಾಗ ಬದಲಿಸುತ್ತವೆ, ಬದಲಾವಣೆ ಹೆಚ್ಚಾಗಿ ನಮ್ಮ ಕಡೆಗೆ ಇರುವುದಿಲ್ಲ. ಮನೆ ಬಾಡಿಗೆ, ಪೆಟ್ರೋಲ್, ವಾಲೆಟ್ಟಿಗೆ ಹಣ ತುಂಬುವುದು ಇವಕ್ಕೆ ಬಹುತೇಕ ಕಾರ್ಡ್‌ಗಳಲ್ಲಿ ಪಾಯಿಂಟ್ ಇಲ್ಲ.

ಬ್ಯಾಂಕಿನ ಸ್ವಂತ ಪ್ರಯಾಣ ಜಾಲತಾಣದಲ್ಲಿ ಹೆಚ್ಚು ಪಟ್ಟು ಪಾಯಿಂಟ್ ಎಂಬ ಆಮಿಷ ಬಂದಾಗ ಕೂಡಿಸಿ ಕಳೆಯಿರಿ. ಅಲ್ಲಿ ಟಿಕೆಟ್ ಆರು ಸಾವಿರ ಹೆಚ್ಚು, ಸಿಗುವ ಹೆಚ್ಚುವರಿ ಪಾಯಿಂಟ್ ನಾಲ್ಕು ಸಾವಿರ, ಒಂದರ ಬೆಲೆ ಐವತ್ತು ಪೈಸೆ ಎಂದಿಟ್ಟುಕೊಳ್ಳಿ. ಎರಡು ಸಾವಿರದ ಕೊಸರಿಗೆ ಆರು ಸಾವಿರ ಕೊಟ್ಟಿರಿ, ಮೇಲಾಗಿ ಮಧ್ಯವರ್ತಿಯ ಮೂಲಕ ಕೊಂಡ ತಾಪತ್ರಯ.

ಸೀಟು ಕಣ್ಣಿಗೆ ಕಾಣುವವರೆಗೆ ಬ್ಯಾಂಕಿನ ಪಾಯಿಂಟನ್ನು ಯಾವ ಕ್ಲಬ್ಬಿಗೂ ವರ್ಗಾಯಿಸಬೇಡಿ. ಒಮ್ಮೆ ಹೋದದ್ದು ಹಿಂದೆ ಬರುವುದಿಲ್ಲ. ವರ್ಗಾವಣೆಗೆ ಕೆಲವೊಮ್ಮೆ ನಿಮಿಷ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ.

## ಹಂತ 7: ಹಾರಿ ಬಂದ ಮೇಲೆ

ಬೋರ್ಡಿಂಗ್ ಪಾಸ್ ಎಸೆಯಬೇಡಿ. ಕೌಂಟರಿನಲ್ಲೇ ಅದರ ಮೇಲೆ ನಿಮ್ಮ ಸದಸ್ಯ ಸಂಖ್ಯೆ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಹಾಕಿಸಿ. ಹತ್ತು ದಿನ ಕಾದು ಖಾತೆ ತೆರೆದು ನೋಡಿ. ಜಮೆಯಾಗದಿದ್ದರೆ ಕ್ಲಬ್ಬಿನ ಜಾಲತಾಣದಲ್ಲಿ ಬಾಕಿ ಪಾಯಿಂಟ್ ಕೋರುವ ಅರ್ಜಿ ಇರುತ್ತದೆ, ಅದಕ್ಕೆ 13 ಅಂಕಿಯ ಟಿಕೆಟ್ ಸಂಖ್ಯೆ ಬೇಕು. ಅವಧಿ ಸಾಮಾನ್ಯವಾಗಿ ಆರು ತಿಂಗಳು, ಕೆಲವೆಡೆ ವರ್ಷ. ಬಾಣಂತನ ಮುಗಿಸಿ ಆರನೇ ತಿಂಗಳಲ್ಲಿ ಊರಿಗೆ ಮರಳಿ ಆಮೇಲೆ ನೋಡೋಣ ಎಂದರೆ ಹೋಗುವ ಪ್ರಯಾಣದ ಪಾಯಿಂಟ್ ಅಷ್ಟರಲ್ಲಿ ಮುಗಿದ ಕಥೆ. ಅಲ್ಲಿದ್ದಾಗಲೇ, ಮಗು ಮಲಗಿದ ಹೊತ್ತಿನಲ್ಲಿ, ನೋಡಿಬಿಡಿ.

ವಿಮಾನ ರದ್ದಾಗಿ ಬೇರೆ ವಿಮಾನಯಾನದಲ್ಲಿ ಕಳುಹಿಸಿದ್ದರೆ ಪಾಯಿಂಟ್ ತಾನಾಗಿ ಬರುವುದು ಅಪರೂಪ. ಮೂಲ ಟಿಕೆಟ್ ತೋರಿಸಿ, ಮೂಲ ಪ್ರಯಾಣದ ಲೆಕ್ಕದಲ್ಲಿ ಕೊಡಿ ಎಂದು ಬರೆಯಿರಿ.

## ಹಂತ 8: ಖರ್ಚು ಮಾಡುವುದು

ಲೆಕ್ಕ ಸರಳ. ಹಣ ಕೊಟ್ಟರೆ ಟಿಕೆಟ್ ಎಷ್ಟು ಎಂದು ನೋಡಿ. ಅದರಿಂದ ಪಾಯಿಂಟ್ ಟಿಕೆಟ್‌ಗೆ ಕಟ್ಟಬೇಕಾದ ತೆರಿಗೆ ಕಳೆಯಿರಿ. ಉಳಿದದ್ದನ್ನು ಪಾಯಿಂಟ್‌ಗಳಿಂದ ಭಾಗಿಸಿ. ಉದಾಹರಣೆಗೆ ಹಣದ ದರ 18,000, ಪಾಯಿಂಟ್ ಟಿಕೆಟ್‌ಗೆ 14,000 ಮೈಲ್ ಮತ್ತು 4,000 ರೂಪಾಯಿ ತೆರಿಗೆ ಎಂದಾದರೆ ಒಂದು ಮೈಲ್‌ಗೆ ಒಂದು ರೂಪಾಯಿ. ಅದಕ್ಕಿಂತ ಹೆಚ್ಚು ಬಂದರೆ ನಾನು ಮೈಲ್ ಕೊಡುತ್ತೇನೆ, ಐವತ್ತು ಪೈಸೆಯ ಆಸುಪಾಸು ಬಂದರೆ ಹಣ ಕೊಟ್ಟು ಮೈಲ್ ಇಟ್ಟುಕೊಳ್ಳುತ್ತೇನೆ. ಪಾಯಿಂಟಿಗೆ ಮಿಕ್ಸಿ, ಉಡುಗೊರೆ ಚೀಟಿ ಕೊಡುವ ಪುಟದ ಲೆಕ್ಕ ಹಾಕಿದರೆ ಬಹುತೇಕ ಇನ್ನೂ ಕೆಳಗೆ.

ತೆರಿಗೆಯ ಸಾಲಿನಲ್ಲಿ ಇಂಧನ ಸರ್‌ಚಾರ್ಜ್ ಅಡಗಿರಬಹುದು. ಬ್ರಿಟಿಷ್ ಏರ್‌ವೇಸ್, ಎಮಿರೇಟ್ಸ್‌ನಲ್ಲಿ ಈ ಮೊತ್ತ ‘ಉಚಿತ’ ಟಿಕೆಟ್‌ನ ಸಂತೋಷವನ್ನು ಹೀರಿಬಿಡುವಷ್ಟು ದೊಡ್ಡದಿರುತ್ತದೆ. ಸಿಂಗಪುರ್ ಏರ್‌ಲೈನ್ಸ್ ತನ್ನ ಸ್ವಂತ ವಿಮಾನಗಳ ಪಾಯಿಂಟ್ ಟಿಕೆಟ್‌ಗೆ ಅದನ್ನು ಹಾಕುವುದಿಲ್ಲ, ಏರ್ ಕೆನಡಾದ ಏರೋಪ್ಲಾನ್ ಕೂಡ ಹಾಕುವುದಿಲ್ಲ.

ಪಾಯಿಂಟ್ ಸೀಟುಗಳು ಸುಮಾರು ಹನ್ನೊಂದು ತಿಂಗಳು ಮೊದಲೇ ತೆರೆಯುತ್ತವೆ, ರಜೆಯ ಕಾಲದವು ಆಗಲೇ ಖಾಲಿಯಾಗುತ್ತವೆ. ಫ್ಲೈಯಿಂಗ್ ಬ್ಲೂ ಪ್ರತಿ ತಿಂಗಳೂ ಕೆಲವು ಮಾರ್ಗಗಳಿಗೆ ರಿಯಾಯಿತಿ ಮೈಲ್ ದರ ಪ್ರಕಟಿಸುತ್ತದೆ. ದಿನಾಂಕದ ಹಟ ಇಲ್ಲದವರಿಗೆ ಅದು ಒಳ್ಳೆಯ ಹೊಂಚು.

ಗಂಟು ದೊಡ್ಡದಾದಂತೆ ಕಳ್ಳರ ಕಣ್ಣೂ ಬೀಳುತ್ತದೆ. ‘ನಿಮ್ಮ ಪಾಯಿಂಟ್ ಇಂದು ರಾತ್ರಿ ರದ್ದಾಗುತ್ತದೆ, ಈ ಕೊಂಡಿ ಒತ್ತಿ’ ಎಂಬ ಸಂದೇಶ ಬಂದರೆ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ. ಅವಧಿ ಮುಗಿಯುವ ದಿನ ನಿಮ್ಮ ನೋಟ್‌ಪುಸ್ತಕದಲ್ಲೇ ಇರಬೇಕು. ಪಾಸ್‌ಪೋರ್ಟ್ ನವೀಕರಣವಾಗಿ ಹೆಸರಿನ ಖಾನೆ ಬದಲಾಗಿದ್ದರೆ, ಹೊಸ ಪುಸ್ತಕ ಅಂಚೆಯಲ್ಲಿ ಬಂದ ವಾರವೇ ಪ್ರತಿ ಕ್ಲಬ್ಬಿಗೂ ಅದರ ಪ್ರತಿ ಕಳುಹಿಸಿ ಹೆಸರು ತಿದ್ದಿಸಿ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯಬಹುದು. ಅದು ಮುಗಿಯುವವರೆಗೆ ಮುಂದಿನ ಟಿಕೆಟ್‌ನ ಹುಡುಕಾಟ ಮಾಡಿ, ಕೊಳ್ಳಬೇಡಿ.